"ಸುಮ್ಮ ಇಡ್ಲಾಕ ಆಗಂಗಿಲ್ಲ": ಕಾಲಿನ ಚಡಪಡಿಕೆಯನ್ನು ಹಿಡಿಯುವ ಬಗೆ

ಕಲಬುರಗಿ ಕಡೆ ಈ ಕಾಯಿಲೆಗೆ ಎಲ್ಲರೂ ಒಪ್ಪಿದ ಒಂದು ಹೆಸರಿಲ್ಲ. "ಕಾಲ ಹರೀತಾವ" ಅನ್ನುತ್ತಾರೆ. "ಮೀನಖಂಡದಾಗ ಇರುವಿ ಹರದಾಡಿದಂಗ ಆಗ್ತದ" ಅನ್ನುತ್ತಾರೆ. "ಸೆಳೀತದ", "ಜುಮು ಜುಮು ಅಂತದ", "ಎಲುವಿನ ಒಳಗ ಕಚಗುಳಿ ಇಟ್ಟಂಗ" ಅನ್ನುವವರೂ ಇದ್ದಾರೆ. ನಮ್ಮ ನರರೋಗದ ಓಪಿಡಿಗೆ ಬರುವ ಹೊತ್ತಿಗೆ ಇವರಲ್ಲಿ ಬಹಳ ಮಂದಿಯ ಚೀಲದಲ್ಲಿ ಸೊಂಟದ ಎಂಆರ್‌ಐ ಫಿಲ್ಮು, ಕಾಲಿನ ಡಾಪ್ಲರ್ ರಿಪೋರ್ಟು, ಕ್ಯಾಲ್ಸಿಯಂ, ಬಿ12, ನೋವಿನ ಗುಳಿಗೆಗಳ ಚೀಟಿ ಎಲ್ಲ ಇರುತ್ತವೆ. ಮೈಯಲ್ಲಿ ಕಬ್ಬಿಣ ಎಷ್ಟು ದಾಸ್ತಾನಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿದ ಕಾಗದ ಮಾತ್ರ ಇರುವುದಿಲ್ಲ.

ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲೇ ಇದನ್ನು ಬರೆದಿಟ್ಟಿದ್ದ. ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್‌ಬೊಮ್ 1945ರಲ್ಲಿ ಇದಕ್ಕೆ 'ರೆಸ್ಟ್‌ಲೆಸ್ ಲೆಗ್ಸ್' ಎಂದು ಹೆಸರಿಟ್ಟ. ಹೆಸರಿಟ್ಟು ಎಂಬತ್ತು ವರ್ಷ ಕಳೆದರೂ ರೋಗಿ ಹೇಳುವ ಮಾತು ಮತ್ತು ವೈದ್ಯ ಬರೆಯುವ ಮಾತು ಇನ್ನೂ ಒಂದಕ್ಕೊಂದು ಕೂಡಿಲ್ಲ. ನಮ್ಮ ಕೆಲಸ ಶುರುವಾಗುವುದು ಅಲ್ಲಿಂದಲೇ. ಇದನ್ನು ಹಿಡಿಯುವುದು ಯಂತ್ರವಲ್ಲ, ಪ್ರಶ್ನೆ. ಯಂತ್ರದ ಪಾಲಿನ ಕೆಲಸ ಬೇರೆ, ಅದಕ್ಕೆ ಆಮೇಲೆ ಬರುತ್ತೇವೆ.

ಮೊದಲ ಪ್ರಶ್ನೆಯಲ್ಲೇ ಎಡವುವುದು ಸುಲಭ. "ಕಾಲು ನೋವಿದೆಯಾ?" ಎಂದರೆ ತೊಗರಿ ಕೊಯ್ಲಿನ ಕಾಲದಲ್ಲಿ ಹೊಲದಿಂದ ಬಂದ ಯಾರೂ ಇಲ್ಲ ಅನ್ನುವುದಿಲ್ಲ. ಹಾಗಾಗಿ ನೋವೆಂಬ ಮಾತನ್ನು ನಾವಾಗಿ ಎತ್ತುವುದಿಲ್ಲ. ರಾತ್ರಿ ಏನಾಗುತ್ತದೆ ಎಂದಷ್ಟೇ ಕೇಳಿ ಬಿಟ್ಟುಬಿಡುತ್ತೇವೆ. ಮಾತು ಹೆಚ್ಚುಕಡಿಮೆ ಹೀಗೆ ಸಾಗುತ್ತದೆ:

"ಯವ್ವಾ, ರಾತ್ರಿ ಮಕ್ಕೊಂಡಾಗ ಕಾಲಿಗಿ ಏನಾಗ್ತದ?"

"ನೋವಲ್ರೀ ಸಾಹೇಬ್ರ ಅದು. ಒಳಗ ಏನೋ ಹರದಾಡ್ತದ. ಸುಮ್ಮ ಇಡ್ಲಾಕ ಆಗಂಗಿಲ್ಲ."

"ಆವಾಗ ಏನ್ ಮಾಡ್ತೀರಿ?"

"ಎದ್ದು ಅಡ್ಡಾಡ್ತೀನಿ. ಫರಸಿ ಮ್ಯಾಲ ಬರಿಗಾಲ ಇಟ್ಟು ನಿಂದ್ರತೀನಿ. ತಂಪು ಹತ್ತಿದ್ರ ಒಂದೀಟು ಕಮ್ಮಿ ಆಗ್ತದ."

ಆ "ಸುಮ್ಮ ಇಡ್ಲಾಕ ಆಗಂಗಿಲ್ಲ" ಎಂಬ ಮಾತು ರೋಗಿಯ ಬಾಯಿಂದ ತಾನಾಗಿ ಬಂದರೆ ಅರ್ಧ ಕೆಲಸ ಮುಗಿದಂತೆ. ಮನೆಯಲ್ಲಿ ಹಾಸಿದ ಶಹಾಬಾದ್ ಕಲ್ಲಿನ ತಂಪು, ಕಾಲಿಗೆ ರುಮಾಲು ಬಿಗಿದು ಕಟ್ಟುವುದು, ಮಕ್ಕಳನ್ನು ಮೀನಖಂಡದ ಮೇಲೆ ನಿಲ್ಲಿಸಿಕೊಳ್ಳುವುದು, ಇವು ಮೂರೂ ನಮ್ಮ ಕಡೆಯವರು ತಾವೇ ಕಂಡುಕೊಂಡ ಉಪಾಯಗಳು. ಚರ್ಮ ಮತ್ತು ಸ್ನಾಯುವಿನಿಂದ ಬೇರೊಂದು ಸಂವೇದನೆ ಮಿದುಳಿಗೆ ಹೋದಷ್ಟು ಹೊತ್ತು ಚಡಪಡಿಕೆ ತಗ್ಗಿರುತ್ತದೆ. "ಸಣ್ಣಾಕಿ ಇದ್ದಾಗ ನಮ್ಮವ್ವನ ಕಾಲ ಮ್ಯಾಲ ನಾನೂ ನಿಂದ್ರತಿದ್ದೆ" ಎಂದು ಹೆಣ್ಣುಮಕ್ಕಳು ನೆನಪಿಸಿಕೊಂಡರೆ ಅದನ್ನೂ ಬರೆದುಕೊಳ್ಳಬೇಕು. ಈ ಕಾಯಿಲೆ ಮನೆತನದಲ್ಲಿ ಇಳಿದು ಬರುತ್ತದೆ. ಎಂಇಐಎಸ್1, ಬಿಟಿಬಿಡಿ9 ಎಂಬ ಜೀನ್‌ಗಳ ನಂಟು 2007ರಲ್ಲಿ ಹೊರಬಿತ್ತು.

ಇನ್ನು ರೋಗನಿರ್ಣಯದ ಐದು ಅಂಶಗಳು. ಈ ಕಾಯಿಲೆಯ ಅಂತಾರಾಷ್ಟ್ರೀಯ ಅಧ್ಯಯನ ಗುಂಪು 2014ರಲ್ಲಿ ತಿದ್ದಿ ಪ್ರಕಟಿಸಿದ ಪಟ್ಟಿಯದು. ಕಾಲು ಆಡಿಸಲೇಬೇಕೆಂಬ ಒತ್ತಡ ಇರಬೇಕು. ಕೂತಾಗ, ಮಲಗಿದಾಗ ಅದು ಶುರುವಾಗಬೇಕು ಇಲ್ಲವೇ ಹೆಚ್ಚಬೇಕು. ನಡೆದರೆ, ಕಾಲು ಚಾಚಿದರೆ, ಆ ಕೆಲಸ ನಡೆದಷ್ಟು ಹೊತ್ತಾದರೂ ಕಡಿಮೆಯಾಗಬೇಕು. ಸಂಜೆ, ರಾತ್ರಿ ಹೆಚ್ಚಿರಬೇಕು. ಇದೆಲ್ಲ ಬೇರೊಂದು ಕಾಯಿಲೆಯಿಂದ ಆಗುತ್ತಿಲ್ಲವೆಂದು ಖಾತ್ರಿಯಾಗಬೇಕು. ಕಾಗದದ ಮೇಲೆ ಇವು ಸರಳವಾಗಿ ಕಾಣುತ್ತವೆ. ತೊಡಕಿರುವುದು ನಾಲ್ಕನೆಯದರಲ್ಲಿ. ಬೆಳಗಿನಿಂದ ಸಂಜೆಯವರೆಗೆ ನಿಂತೇ ದುಡಿಯುವವರು ಹಗಲು ಕೂರುವುದೇ ಇಲ್ಲ. ರಾತ್ರಿ ಹೆಚ್ಚಾಗುವುದು ಹೊತ್ತಿನ ಗುಣವೋ, ಆಗ ಮಾತ್ರ ಮಲಗುವುದರಿಂದಲೋ ಅವರಿಗೂ ಗೊತ್ತಿರುವುದಿಲ್ಲ. ಅದಕ್ಕೆ ಪ್ರಶ್ನೆ ತಿರುಗಿಸಿ ಕೇಳಬೇಕು: ಅಮಾವಾಸ್ಯೆಯ ದಿನ ಮನೆಯಲ್ಲಿದ್ದು ಮಧ್ಯಾಹ್ನ ಅಡ್ಡಾದರೆ ಹೀಗಾಗುತ್ತದೆಯೇ? ಹಗಲು ಬಸ್ಸಿನಲ್ಲಿ ಬೀದರಿಗೆ ಹೋಗುವಾಗ ಆಗುತ್ತದೆಯೇ, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವಾಗ ಆಗುತ್ತದೆಯೇ? ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಶಿಫ್ಟ್ ಬದಲಾಗುವವರಾದರೆ ಯಾವ ಶಿಫ್ಟಿನ ವಾರದ ಬಗ್ಗೆ ಹೇಳುತ್ತಿದ್ದಾರೆ ಎಂಬುದನ್ನೂ ಬರೆದುಕೊಳ್ಳದಿದ್ದರೆ ಉತ್ತರ ಕಲಸುಮೇಲೋಗರ.

ಐದನೆಯ ಅಂಶಕ್ಕೆ ಕೈಯಿಂದ ಮುಟ್ಟಿ ನೋಡುವ ಕೆಲಸ ಬೇಕು. ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ ಹಿಡಿದು, ಪಾದವನ್ನು ಮೇಲಕ್ಕೆ ಬಾಗಿಸಿದರೆ ಬಿಡುವುದು ಸೆಡೆತ, ಅದು ಬೇರೆ. ಸಕ್ಕರೆ ಕಾಯಿಲೆಯ ನರದೋಷದಲ್ಲಿ ಪಾದ ಉರಿಯುತ್ತದೆ, ಬೆರಳು ಮರಗಟ್ಟುತ್ತದೆ, ಅಡ್ಡಾಡಿದರೂ ಹೋಗುವುದಿಲ್ಲ. 128 ಹರ್ಟ್ಸ್ ಶ್ರುತಿಕವೆ ಮತ್ತು 10 ಗ್ರಾಂ ನೈಲಾನ್ ಎಳೆ ಇಟ್ಟು ನೋಡಿದರೆ ತಿಳಿಯುತ್ತದೆ. ಯಾದಗಿರಿ, ರಾಯಚೂರು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವ ಹಳ್ಳಿಗಳವರಲ್ಲಿ ಬೆನ್ನು, ಮೊಣಕಾಲು ಬಿಗಿದಿರುವುದನ್ನೂ ನೋಡಬೇಕು. ಅವರ ತೊಂದರೆ ಬೆಳಗ್ಗೆ ಏಳುವಾಗಲೂ ಇರುತ್ತದೆ. ಎರಡೂ ಒಟ್ಟಿಗೆ ಇರುವವರೂ ಸಿಗುತ್ತಾರೆ, ಒಂದು ಸಿಕ್ಕಿತೆಂದು ಇನ್ನೊಂದನ್ನು ಬಿಡಬಾರದು.

ನುಂಗುತ್ತಿರುವ ಗುಳಿಗೆಗಳನ್ನೆಲ್ಲ ಟೇಬಲ್ ಮೇಲೆ ಸುರಿಸಿ ನೋಡುವುದು ಇದೇ ಹೊತ್ತಿನಲ್ಲಿ. ಚೀಟಿ ಸಾಲದು, ಪಾಕೀಟೇ ಬೇಕು. ನೆಗಡಿಗೆ, ತುರಿಕೆಗೆ, ನಿದ್ದೆ ಬರಲೆಂದು ಅಂಗಡಿಯಿಂದ ತಂದ, ಮಂಪರು ತರಿಸುವ ಹಳೆಯ ಅಲರ್ಜಿ ಗುಳಿಗೆಗಳು ಈ ಚಡಪಡಿಕೆಯನ್ನು ಜೋರು ಮಾಡುತ್ತವೆ. ನಿದ್ದೆ ಬಾರದವರು ಅದನ್ನೇ ಎರಡು ನುಂಗಿ ರಾತ್ರಿಯೆಲ್ಲ ಅಡ್ಡಾಡುವುದುಂಟು. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್ ಕೂಡ ಹಾಗೆಯೇ, ಮಿದುಳಿನಲ್ಲಿ ಸಂದೇಶ ಒಯ್ಯುವ ಡೋಪಮಿನ್ ಎಂಬ ರಾಸಾಯನಿಕಕ್ಕೆ ಅಡ್ಡ ನಿಲ್ಲುತ್ತವೆ. ಖಿನ್ನತೆಯ ಔಷಧಗಳಲ್ಲಿ ಬಹುಪಾಲು, ಅದರಲ್ಲೂ ಮಿರ್ಟಜಪಿನ್, ತೊಂದರೆ ಹೆಚ್ಚಿಸಬಹುದು. ಬ್ಯುಪ್ರೊಪಿಯಾನ್ ಹೆಚ್ಚಿಸುವುದಿಲ್ಲ. ಇವನ್ನು ರೋಗಿ ತಾನಾಗಿ ನಿಲ್ಲಿಸಬಾರದು. ಬರೆದುಕೊಟ್ಟ ವೈದ್ಯರಿಗೆ ನಾವೇ ಫೋನ್ ಮಾಡಿ ಮಾತಾಡುತ್ತೇವೆ.

ಆಮೇಲೆ ರಕ್ತ. ಫೆರಿಟಿನ್, ಸೀರಮ್ ಐರನ್ (ರಕ್ತದಲ್ಲಿ ಓಡಾಡುವ ಕಬ್ಬಿಣ), ಟಿಐಬಿಸಿ (ರಕ್ತ ಒಟ್ಟು ಎಷ್ಟು ಕಬ್ಬಿಣ ಹೊರಬಲ್ಲದೆಂಬ ಅಳತೆ) ಮೂರೂ ಬೇಕು. ಹಿಮೋಗ್ಲೋಬಿನ್ ಒಂದನ್ನೇ ನೋಡಿ "ರಕ್ತ ಸರಿ ಅದ" ಎಂದು ಕಳಿಸಿಬಿಡುವುದು ನಾವು ಪದೇ ಪದೇ ಕಾಣುವ ತಪ್ಪು. ಹಿಮೋಗ್ಲೋಬಿನ್ 13 ಇದ್ದೂ ಕಬ್ಬಿಣದ ದಾಸ್ತಾನು ಖಾಲಿ ಇರಬಹುದು. ರಕ್ತದಲ್ಲಿ ಸಾಕಷ್ಟಿದ್ದೂ ಮಿದುಳಿಗೆ ತಲುಪದೆ ಇರುವುದೂ ಈ ಕಾಯಿಲೆಯಲ್ಲಿ ಉಂಟು. ರಕ್ತ ಕೊಡುವುದು ಬೆಳಗ್ಗೆ, ಖಾಲಿ ಹೊಟ್ಟೆಯಲ್ಲಿ. ಹಿಂದಿನ ದಿನ ಕಬ್ಬಿಣದ ಗುಳಿಗೆ ನುಂಗಿರಬಾರದು. ಸೀರಮ್ ಐರನ್ ಹೊತ್ತಿನಿಂದ ಹೊತ್ತಿಗೆ ಏರಿಳಿಯುತ್ತದೆ, ಸಂಜೆ ತೆಗೆದ ರಕ್ತದ ಲೆಕ್ಕ ನಂಬಲಾಗದು. ಜ್ವರ, ಸೋಂಕು, ಕೀಲುಬಾವು ಇದ್ದರೆ ಫೆರಿಟಿನ್ ಸುಳ್ಳು ಎತ್ತರ ತೋರಿಸುತ್ತದೆ, ಹಾಗಾಗಿ ಜ್ವರ ಬಿಟ್ಟು ಕೆಲವು ವಾರ ಕಾದು ಮತ್ತೆ ಮಾಡಿಸುತ್ತೇವೆ.

ರಿಪೋರ್ಟಿನ ಒಂದು ಸಾಲನ್ನು ಇಲ್ಲಿ ಹತ್ತಿರದಿಂದ ನೋಡಬೇಕು. ಫೆರಿಟಿನ್ 22 ಎಂದು ಬಂದಿರುತ್ತದೆ. ಪಕ್ಕದಲ್ಲಿ ಲ್ಯಾಬಿನವರು ಅಚ್ಚು ಹಾಕಿಸಿದ ಮಿತಿ ಹೆಣ್ಣುಮಕ್ಕಳಿಗೆ 15ರ ಆಚೀಚೆ ಶುರುವಾಗುತ್ತದೆ. ಅಂಕಿ ದಪ್ಪಕ್ಷರದಲ್ಲಿ ಇಲ್ಲ, ಕೆಂಪು ಗುರುತಿಲ್ಲ. ಓದಿದವರೆಲ್ಲ ನಾರ್ಮಲ್ ಅನ್ನುತ್ತಾರೆ. ಆ ಮಿತಿ ರಕ್ತಹೀನತೆಯನ್ನು ಕಾಣಲು ಹಾಕಿದ್ದು. ಕಾಲಿನ ಚಡಪಡಿಕೆಗೆ ನಾವು ನೋಡುವುದು 75. ಅಷ್ಟು ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ಅಂದರೆ ಕಬ್ಬಿಣ ಹೊರುವ ಪ್ರೋಟೀನು ಎಷ್ಟು ತುಂಬಿದೆ ಎಂಬ ಲೆಕ್ಕ, 20 ಶೇಕಡದ ಕೆಳಗಿದ್ದರೆ ಕಬ್ಬಿಣ ಕೊಡಬೇಕು. ಮಕ್ಕಳಲ್ಲಿ ಫೆರಿಟಿನ್ ಗೆರೆ 50. ಈ ಒಂದು ಅಂಕಿಯನ್ನು ತಾಲೂಕು ಆಸ್ಪತ್ರೆಗಳ ಗೋಡೆಯ ಮೇಲೆ ಬರೆದಿಟ್ಟರೂ ಎಷ್ಟೋ ಎಂಆರ್‌ಐ ಉಳಿಯುತ್ತವೆ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಇಷ್ಟರಲ್ಲೇ ರೋಗನಿರ್ಣಯ ಮುಗಿಯುತ್ತದೆ. ಕಾಲಿನ ಚಡಪಡಿಕೆಗೆ ಸ್ಲೀಪ್ ಸ್ಟಡಿ, ಅಂದರೆ ತಲೆಗೆ, ಕಾಲಿಗೆ ತಂತಿ ಅಂಟಿಸಿ ರಾತ್ರಿಯ ನಿದ್ದೆಯನ್ನು ದಾಖಲಿಸುವ ಪರೀಕ್ಷೆ, ಕಡ್ಡಾಯವಲ್ಲ. ಹಾಗಾದರೆ ಯಾರನ್ನು ರಾತ್ರಿ ಮಲಗಿಸುತ್ತೇವೆ? ಗೊರಕೆಯಿದ್ದು ಉಸಿರು ಕಟ್ಟುವ ಅನುಮಾನ ಇರುವವರನ್ನು, ತಮಗೇನೂ ಗೊತ್ತಿಲ್ಲದೆ ಪಕ್ಕದಲ್ಲಿ ಮಲಗಿದವರಿಗೆ ರಾತ್ರಿಯೆಲ್ಲ ಒದೆಯುವವರನ್ನು, ಔಷಧ ಕೊಟ್ಟರೂ ನಿದ್ದೆ ಸರಿಹೋಗದವರನ್ನು, ಕನಸಿನಲ್ಲಿ ಬಡಿದಾಡಿ ಮಂಚದಿಂದ ಬೀಳುವ ಹಿರಿಯರನ್ನು. ಈ ಕೊನೆಯವರ ಕಾಯಿಲೆ ಬೇರೆಯೇ. ಅವರಲ್ಲಿ ಕನಸಿನ ನಿದ್ದೆಯಲ್ಲಿ ಸಡಿಲವಾಗಬೇಕಾದ ಸ್ನಾಯು ಸಡಿಲವಾಗುವುದಿಲ್ಲ, ಮುಂದೆ ಪಾರ್ಕಿನ್ಸನ್‌ಗೆ ತಿರುಗಬಹುದಾದ್ದರಿಂದ ಕಣ್ಣಿಟ್ಟಿರಬೇಕು. ಮನೆಯಲ್ಲೇ ಮಾಡುವ ಉಸಿರಿನ ಪರೀಕ್ಷೆಯ ಡಬ್ಬಿಯಲ್ಲಿ ಸಾಮಾನ್ಯವಾಗಿ ಕಾಲಿನ ತಂತಿ ಇರುವುದಿಲ್ಲ. ಅದರ ರಿಪೋರ್ಟು ತಂದು "ಕಾಲಿಂದು ಏನೂ ಇಲ್ಲಂತ ಬಂದದ" ಎಂದರೆ ಅದು ಕಾಲನ್ನು ನೋಡಿಯೇ ಇಲ್ಲ.

ಪರೀಕ್ಷೆಯ ದಿನ ಮಧ್ಯಾಹ್ನದ ಮೇಲೆ ಚಹಾ ಬೇಡ, ಹಗಲು ನಿದ್ದೆ ಬೇಡ, ತಲೆಗೆ ಎಣ್ಣೆ ಬೇಡ ಎಂದು ಹೇಳಿರುತ್ತೇವೆ. ತಲೆಯ ಎಣ್ಣೆಯ ಮಾತನ್ನು ಎಲ್ಲರೂ ನೆನಪಿಡುತ್ತಾರೆ. ಕಾಲಿನ ಎಣ್ಣೆ, ನೋವಿನ ಮುಲಾಮು ಮರೆತುಹೋಗುತ್ತದೆ. ಚಡಪಡಿಸುವ ಕಾಲಿಗೆ ದಿನವೂ ತಿಕ್ಕಿ ರೂಢಿಯಾದ ಕೈ, ಬರುವ ಮುಂಚೆ ತಿಕ್ಕಿಯೇ ಬರುತ್ತದೆ. ಮುಲಾಮಿನ ಮೇಲೆ ತಂತಿಯ ತುದಿಯ ಎಲೆಕ್ಟ್ರೋಡ್ ಅಂಟುವುದಿಲ್ಲ, ಅಂಟಿದರೂ ನಡುರಾತ್ರಿ ಜಾರುತ್ತದೆ. ಬಂದವರಿಗೆ ಮೊದಲು ಮೊಣಕಾಲ ಕೆಳಗೆ ಸಾಬೂನು ಹಚ್ಚಿ ತೊಳೆದು ಒರೆಸಿಕೊಂಡು ಬರಲು ಹೇಳುತ್ತೇವೆ.

ತಂತಿ ಕಟ್ಟುವುದು ಮೊಣಕಾಲಿಗೂ ಹರಡಿಗೂ (ಪಾದದ ಗಂಟಿಗೂ) ನಡುವೆ, ಮುಂಗಾಲ ಎಲುವಿನ ಹೊರಮಗ್ಗುಲಿನ ಸ್ನಾಯುವಿನ ಮೇಲೆ. ಅದಕ್ಕೆ ಟಿಬಿಯಾಲಿಸ್ ಆಂಟೀರಿಯರ್ ಎಂದು ಹೆಸರು. ಕಣ್ಣಂದಾಜಿನಲ್ಲಿ ಹಚ್ಚಬಾರದು. "ಪಾದ ಮ್ಯಾಲ ಎತ್ರಿ, ಬೆರಳು ನಿಮ್ಮ ಕಡಿ ಎಳಕೊಳ್ರಿ" ಎಂದು ಹೇಳಿ, ಬೆರಳಿನಿಂದ ಒತ್ತಿ ನೋಡಿದರೆ ಉಬ್ಬಿ ಬರುವ ಸ್ನಾಯುವಿನ ನಡುಭಾಗ ಸಿಗುತ್ತದೆ. ಅಲ್ಲಿ ಪೆನ್ನಿನಿಂದ ಗುರುತು. ಕೂದಲಿದ್ದರೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಬೋಳಿಸಿ, ಚರ್ಮ ಉಜ್ಜುವ ಜೆಲ್ ಹಚ್ಚಿದ ಗಾಜ್‌ನಿಂದ ಮೆಲ್ಲಗೆ ಉಜ್ಜಿ, ಸ್ಪಿರಿಟಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಎರಡು ಎಲೆಕ್ಟ್ರೋಡ್ ಉದ್ದಕ್ಕೆ, 2ರಿಂದ 3 ಸೆಂಟಿಮೀಟರ್ ಅಂತರದಲ್ಲಿ ಕೂರಿಸುತ್ತೇವೆ. ಸ್ನಾಯು ಗಿಡ್ಡವಿದ್ದರೆ ಅದರ ಉದ್ದದ ಮೂರನೇ ಒಂದು ಭಾಗ ಸಾಕು. ತಂತಿಯನ್ನು ಒಂದು ಸುತ್ತು ಸಡಿಲ ಬಿಟ್ಟು ಟೇಪ್ ಹಾಕಬೇಕು, ಇಲ್ಲದಿದ್ದರೆ ಮೊದಲ ಒದೆತಕ್ಕೇ ಕಿತ್ತು ಬರುತ್ತದೆ. ಎರಡೂ ಕಾಲಿಗೆ ಬೇರೆ ಬೇರೆ ಚಾನೆಲ್. ಚಾನೆಲ್ ಉಳಿಸಲು ಎರಡನ್ನೂ ಒಂದಕ್ಕೇ ಜೋಡಿಸಿದರೆ ಯಾವ ಕಾಲು ಮೊದಲು ಆಡಿತೆಂಬುದು ಕಳೆದುಹೋಗುತ್ತದೆ, ಎಣಿಕೆಯೂ ಕಡಿಮೆ ಬರುತ್ತದೆ.

ಕಾಲಚೈನು, ಗೆಜ್ಜೆಯದು ಇನ್ನೊಂದು ಸಂಗತಿ. ಬೆಳ್ಳಿ ಚೈನು ಹೊರಳಿದಾಗಲೆಲ್ಲ ತಂತಿಗೆ ತಾಗಿ, ಸ್ನಾಯು ಮಿಡಿದಂತೆಯೇ ಕಾಣುವ ಮೊನಚು ಗೆರೆ ಎಬ್ಬಿಸುತ್ತದೆ. ತೆಗೆಯಲು ಮನಸ್ಸಿಲ್ಲದವರನ್ನು ಒತ್ತಾಯಿಸುವುದಿಲ್ಲ. ಚೈನನ್ನು ಹರಡಿಗೆ ಸರಿಸಿ, ಹತ್ತಿ ಸುತ್ತಿ, ಮೇಲೆ ಟೇಪ್ ಹಾಕಿದರೆ ಸಾಕು. ಕಾಲುಂಗುರದಿಂದ ಏನೂ ತೊಂದರೆ ಇಲ್ಲ, ಅದರ ಮಾತೇ ಎತ್ತಬಾರದು.

ಎಲ್ಲ ಕಟ್ಟಿದ ಮೇಲೆ ಇಂಪೀಡೆನ್ಸ್, ಅಂದರೆ ಚರ್ಮಕ್ಕೂ ಎಲೆಕ್ಟ್ರೋಡಿಗೂ ನಡುವಿನ ವಿದ್ಯುತ್ ತಡೆ, ನೋಡುತ್ತೇವೆ. ಕಾಲಿನದು 10 ಕಿಲೋಓಮ್ ದಾಟಬಾರದು, 5ರ ಒಳಗಿದ್ದರೆ ಒಳ್ಳೆಯದು. ದಾಟಿದರೆ ಕಿತ್ತು, ಉಜ್ಜಿ, ಮತ್ತೆ ಹಚ್ಚುವುದೇ ಸರಿ. ಫಿಲ್ಟರ್ ಒತ್ತಿ ಗೆರೆ ಚಂದ ಮಾಡುವುದು ಸರಿಯಲ್ಲ. ಕಾಲಿನ ಚಾನೆಲ್‌ಗೆ ಕೆಳ ಫಿಲ್ಟರ್ 10 ಹರ್ಟ್ಸ್, ಮೇಲ್ ಫಿಲ್ಟರ್ 100 ಹರ್ಟ್ಸ್. ಕರೆಂಟಿನ 50 ಹರ್ಟ್ಸ್ ಸದ್ದು ಅದರ ನಡುವೆಯೇ ಬರುತ್ತದೆ. ಆ 50 ಹರ್ಟ್ಸನ್ನು ಕತ್ತರಿಸುವ ನಾಚ್ ಫಿಲ್ಟರ್ ಹಾಕಿದರೆ ಸದ್ದಿನ ಜೊತೆ ಸ್ನಾಯುವಿನ ಸಂಕೇತವೂ ಸವೆಯುತ್ತದೆ. ನಮ್ಮಲ್ಲಿ ಕರೆಂಟು ಹೋಗಿ ಬರುವುದು ಇದ್ದದ್ದೇ, ಯಂತ್ರ ಯುಪಿಎಸ್ ಮೇಲೇ ಇರಬೇಕು, ಅರ್ಥಿಂಗ್ ಸರಿಯಾಗಿರಬೇಕು. ಅಗ್ಗದ ಇನ್ವರ್ಟರ್ ಮೇಲೆ ನಡೆಸಿದ ರಾತ್ರಿಯ ಕಾಲಿನ ಗೆರೆ ದಪ್ಪ ದಾರದಂತೆ ಬಂದಿರುತ್ತದೆ, ಅದರಲ್ಲಿ ಕಾಲು ಮಿಡಿಯಿತೆಂದು ಎಣಿಸಲು ಬೇಕಾದ 8 ಮೈಕ್ರೋವೋಲ್ಟಿನ ಏರಿಕೆಯನ್ನು ಯಾರೂ ಗುರುತಿಸಲಾರರು. ಏಪ್ರಿಲ್, ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ ಕೋಣೆ ತಂಪಾಗದೆ ಬೆವರಿದರೆ ತಲೆಯ ಗೆರೆಗಳು ತೂಗಾಡತೊಡಗುತ್ತವೆ, ಟೇಪು ಬಿಡುತ್ತದೆ. ಆ ತಿಂಗಳುಗಳಲ್ಲಿ ಸಂಜೆಯಿಂದಲೇ ಕೋಣೆ ತಂಪು ಮಾಡಿಟ್ಟಿರಬೇಕು.

ದೀಪ ಆರಿಸುವ ಮುಂಚೆ ಒಂದು ತಾಲೀಮು. ಬಲಗಾಲಿನ ಹೆಬ್ಬೆರಳು ಐದು ಸಲ ಎತ್ತಿರಿ, ಎಡಗಾಲಿನದು ಐದು ಸಲ, ಈಗ ಪೂರ್ತಿ ಸಡಿಲ ಬಿಡಿರಿ. ಬಲಗಾಲು ಎತ್ತಿದಾಗ ಎಡದ ಚಾನೆಲ್ ಕುಣಿದರೆ ತಂತಿ ಅದಲುಬದಲು. ಸಡಿಲ ಬಿಟ್ಟಾಗ ಗೆರೆಯ ದಪ್ಪ ಮೇಲಿಂದ ಕೆಳಗೆ 10 ಮೈಕ್ರೋವೋಲ್ಟ್ ಮೀರಬಾರದು. ಸಂಶೋಧನೆಯ ರಾತ್ರಿಯಾದರೆ ಇನ್ನೊಂದು ಪರೀಕ್ಷೆ ಸೇರುತ್ತದೆ. ಮಲಗುವ ಮುಂಚೆ 60 ನಿಮಿಷ, ಬೆನ್ನನ್ನು 45 ಡಿಗ್ರಿ ಒರಗಿಸಿ, ಕಾಲು ಚಾಚಿ, ಎಚ್ಚರವಾಗಿದ್ದು, ಆಡಿಸದೆ ಕೂರಬೇಕು. ಎಷ್ಟು ಚಡಪಡಿಕೆ ಎಂದು ಆಗಾಗ ಗೆರೆಯ ಮೇಲೆ ಗುರುತು ಹಾಕಿಸುತ್ತೇವೆ. ತೀವ್ರವಾಗಿ ಇರುವವರಿಗೆ ಇದು ದೊಡ್ಡ ಹಿಂಸೆ. ನಡುವೆ ಎದ್ದರೆ ಬೈಯಬಾರದು, ಎಷ್ಟನೇ ನಿಮಿಷಕ್ಕೆ ಎದ್ದರೆಂದು ಬರೆಯಬೇಕು, ಅದೂ ಒಂದು ಅಳತೆಯೇ.

ನಿದ್ದೆ ಹತ್ತಿದ ಮೇಲೆ ಪರದೆಯ ಮೇಲೆ ಕಾಣುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಹೆಬ್ಬೆರಳು ಮೇಲಕ್ಕೇಳುತ್ತದೆ, ಹರಡು ಬಾಗುತ್ತದೆ, ಒಮ್ಮೊಮ್ಮೆ ಮೊಣಕಾಲು, ತೊಡೆಯೂ ಮಡಚುತ್ತವೆ. ಬಿಡುತ್ತದೆ. ಅರ್ಧ ನಿಮಿಷದ ಆಚೀಚೆ ಮತ್ತೆ ಅದೇ. ಗಡಿಯಾರದಂತೆ ನಡೆಯುವ ಈ ಆಟ ರಾತ್ರಿಯ ಮೊದಲರ್ಧದಲ್ಲಿ ಹೆಚ್ಚು, ಕನಸಿನ ನಿದ್ದೆಯಲ್ಲಿ ಬಹುಮಟ್ಟಿಗೆ ನಿಲ್ಲುತ್ತದೆ. ಒಂದೊಂದು ಮಿಡಿತಕ್ಕೂ ಎದೆಬಡಿತ ಏರಿ ಇಳಿಯುತ್ತದೆ, ರಕ್ತದೊತ್ತಡವೂ ಜಿಗಿಯುತ್ತದೆ. ಇಷ್ಟಾದರೂ ಮಲಗಿದವರಿಗೆ ಬೆಳಗ್ಗೆ ಏನೂ ನೆನಪಿರುವುದಿಲ್ಲ. ರಾತ್ರಿಗೆ ನೂರಾರು ಸಲ ಹೀಗೆ ಜಿಗಿಯುವ ರಕ್ತದೊತ್ತಡ ವರ್ಷಗಟ್ಟಲೆ ನಡೆದರೆ ಹೃದಯಕ್ಕೆ ಏನು ಮಾಡುತ್ತದೆ, ಕಾಲಿನ ಮಿಡಿತ ನಿಲ್ಲಿಸಿದರೆ ಆ ಅಪಾಯ ತಗ್ಗುತ್ತದೆಯೇ ಎಂಬುದು ಈ ಕ್ಷೇತ್ರದಲ್ಲಿ ಇನ್ನೂ ಇತ್ಯರ್ಥವಾಗದ ಪ್ರಶ್ನೆ.

ಬೆಳಗ್ಗೆ ಎಣಿಕೆ. ವಿಶ್ರಾಂತಿಯ ಗೆರೆಗಿಂತ 8 ಮೈಕ್ರೋವೋಲ್ಟ್ ಮೇಲೆದ್ದರೆ ಮಿಡಿತದ ಆರಂಭ, 2ರೊಳಗೆ ಇಳಿದು ಅರ್ಧ ಸೆಕೆಂಡ್ ನಿಂತರೆ ಕೊನೆ. ಒಟ್ಟು ಅವಧಿ ಅರ್ಧ ಸೆಕೆಂಡಿನಿಂದ 10 ಸೆಕೆಂಡ್. ಇಂಥ ಕನಿಷ್ಠ ನಾಲ್ಕು ಸಾಲಾಗಿ, ಒಂದರ ಆರಂಭದಿಂದ ಇನ್ನೊಂದರ ಆರಂಭಕ್ಕೆ 5ರಿಂದ 90 ಸೆಕೆಂಡ್ ಅಂತರದಲ್ಲಿ ಬಂದರೆ ಮಾತ್ರ ಸರಣಿ. ಎರಡು ಕಾಲಿನ ಮಿಡಿತಗಳ ಆರಂಭ 5 ಸೆಕೆಂಡಿಗಿಂತ ಹತ್ತಿರ ಇದ್ದರೆ ಎರಡೂ ಸೇರಿ ಒಂದೇ. ಸಾಫ್ಟ್‌ವೇರ್ ಇದನ್ನೆಲ್ಲ ತಾನೇ ಎಣಿಸಿ ಕೊಡುತ್ತದೆ, ಆದರೆ ನಾವು ಅದರ ಅಂಕಿಯನ್ನು ಹಾಗೇ ರಿಪೋರ್ಟಿಗೆ ಹಾಕುವುದಿಲ್ಲ. ರಾತ್ರಿ ಕಳೆದಂತೆ ವಿಶ್ರಾಂತಿಯ ಗೆರೆ ದಪ್ಪವಾಗುತ್ತದೆ, ಯಂತ್ರ ಹಳೆಯ ಗೆರೆಯಿಂದಲೇ 8 ಅಳೆಯುತ್ತಿರುತ್ತದೆ. ಹೊರಳಾಟವನ್ನೂ ಮಿಡಿತವೆಂದು ಎಣಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಗೊಂದಲ ಉಸಿರಿನದು. ಉಸಿರು ಕಟ್ಟಿ, ಬಿಡಿಸಿಕೊಂಡು ಗೊರಕೆಯೊಂದಿಗೆ ಏಳುವಾಗ ಕಾಲೂ ಆಡುತ್ತದೆ. ಅದು ಉಸಿರಿನ ಲೆಕ್ಕಕ್ಕೆ ಹೋಗಬೇಕು, ಕಾಲಿನ ಲೆಕ್ಕಕ್ಕಲ್ಲ. ಒಬ್ಬರು 6 ಗಂಟೆ ನಿದ್ದೆ ಮಾಡಿದರು, ಯಂತ್ರ 150 ಮಿಡಿತ ಎಣಿಸಿತು ಎಂದುಕೊಳ್ಳಿ. ಗಂಟೆಗೆ 25 ಆಯಿತು, ವಯಸ್ಕರಿಗೆ ಇಟ್ಟ 15ರ ಗೆರೆ ದಾಟಿತು. ಅದರಲ್ಲಿ 66 ಉಸಿರು ಕಟ್ಟಿದ್ದರ ಬಾಲ ಹಿಡಿದು ಬಂದವು ಎಂದು ಕೈಯೆಣಿಕೆಯಲ್ಲಿ ಗೊತ್ತಾದರೆ ಉಳಿದದ್ದು 84, ಗಂಟೆಗೆ 14. ಮೊದಲಿನ ರಿಪೋರ್ಟಿನ ಪ್ರಕಾರ ಈ ಮನುಷ್ಯನಿಗೆ ಕಾಲಿನ ಗುಳಿಗೆ, ಎರಡನೆಯದರ ಪ್ರಕಾರ ಉಸಿರಿನ ಮಾಸ್ಕು. ಒಂದೇ ರಾತ್ರಿ, ಒಂದೇ ಗೆರೆಗಳು. 2016ರಲ್ಲಿ ಬಂದ ಅಂತಾರಾಷ್ಟ್ರೀಯ ನಿಯಮದಲ್ಲಿ ಅಂತರ 5 ಸೆಕೆಂಡಿನ ಬದಲು 10ರಿಂದ ಶುರುವಾಗುತ್ತದೆ. ಹಾಗಾಗಿ ಯಾವ ನಿಯಮದಲ್ಲಿ ಎಣಿಸಿದ್ದೆಂದು ಬರೆಯದ ಅಧ್ಯಯನಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವಂತಿಲ್ಲ. ಅದರ ಮೇಲೆ ಒಂದೇ ಮನುಷ್ಯನಲ್ಲಿ ಇವತ್ತಿನ ರಾತ್ರಿಗೂ ನಾಳೆಯ ರಾತ್ರಿಗೂ ಎಣಿಕೆ ಬಹಳ ಬದಲಾಗುತ್ತದೆ.

ಅಂಕಿ 15 ದಾಟಿತೆಂದ ಮಾತ್ರಕ್ಕೆ ಕಾಯಿಲೆಯೂ ಅಲ್ಲ. ವಯಸ್ಸಾದವರಲ್ಲಿ, ಖಿನ್ನತೆಯ ಔಷಧ ತೆಗೆದುಕೊಳ್ಳುವವರಲ್ಲಿ, ಯಾವ ದೂರೂ ಇಲ್ಲದವರಲ್ಲಿ ಅದು ಏರಿರುತ್ತದೆ. ಕಾಲಿನ ಚಡಪಡಿಕೆ ಇರುವ ಬಹುಪಾಲು ಜನರಲ್ಲಿ ಈ ಮಿಡಿತ ಇರುತ್ತದೆ, ಮಿಡಿತ ಇರುವ ಎಲ್ಲರಲ್ಲೂ ಚಡಪಡಿಕೆ ಇರುವುದಿಲ್ಲ. ಕುಣಿಯುವ ಕಾಲನ್ನು ಯಂತ್ರ ಎಣಿಸೀತು, ಸುಮ್ಮನಿರಲಾಗದ ಸಂಕಟವನ್ನು ಹೇಳಬಲ್ಲವರು ಆ ಕಾಲಿನ ಒಡೆಯರು ಮಾತ್ರ.

ಚಿಕಿತ್ಸೆಯಲ್ಲಿ ಮೊದಲ ಹೆಜ್ಜೆ ಕಬ್ಬಿಣ. ಸುಮಾರು 60 ಮಿಲಿಗ್ರಾಂ ಕಬ್ಬಿಣಾಂಶದ ಗುಳಿಗೆ, ಖಾಲಿ ಹೊಟ್ಟೆಯಲ್ಲಿ, ಲಿಂಬೆ ನೀರಿನ ಜೊತೆ. ದಿನ ಬಿಟ್ಟು ದಿನ ಕೊಟ್ಟರೆ ಕರುಳು ಚೆನ್ನಾಗಿ ಹೀರುತ್ತದೆ. ಒಂದು ಗುಳಿಗೆ ಹೋದ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಮರುದಿನದ ಬಾಗಿಲು ಅರ್ಧ ಮುಚ್ಚಿರುತ್ತದೆ. ಇಲ್ಲಿ ಕೆಲಸ ಕೆಡಿಸುವುದು ಚಹಾ. ಗರ್ಭಿಣಿಯರಿಗೆ ಸರ್ಕಾರ ಕೊಡುವ ಗುಳಿಗೆಯಲ್ಲೂ 60 ಮಿಲಿಗ್ರಾಂ ಕಬ್ಬಿಣವಿದೆ. ಅದನ್ನು ಚಹಾದ ಜೊತೆ ನುಂಗಿ, ತಿಂಗಳುಗಟ್ಟಲೆ ತೆಗೆದುಕೊಂಡರೂ ಏರಲಿಲ್ಲ ಎನ್ನುವವರು ಎಷ್ಟೋ ಜನ. ಚಹಾದ ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತದೆ. ಗುಳಿಗೆಗೆ ಮುಂಚೆ ಒಂದು ಗಂಟೆ, ಆಮೇಲೆ ಎರಡು ಗಂಟೆ ಚಹಾ, ಹಾಲು, ಕ್ಯಾಲ್ಸಿಯಂ ಬೇಡ. ಅಸಿಡಿಟಿಯ ಗುಳಿಗೆ ದಿನವೂ ನುಂಗುವವರಲ್ಲೂ ಹೀರುವುದು ಕಡಿಮೆ. ಸಜ್ಜಿ ರೊಟ್ಟಿ, ಸೊಪ್ಪಿನ ಪಲ್ಯ ಉಣ್ಣಲಿ, ಒಳ್ಳೆಯದೇ, ಆದರೆ 20ರ ಫೆರಿಟಿನ್ ಊಟದಿಂದಲೇ ಬೇಗ ಏರೀತೆಂದು ಕೂರಬಾರದು. ಹೆಣ್ಣುಮಕ್ಕಳಲ್ಲಿ ಮುಟ್ಟಿನ ರಕ್ತಸ್ರಾವ, ಗಂಡಸರಲ್ಲಿ ಮೂಲವ್ಯಾಧಿ, ಹೊಟ್ಟೆಹುಣ್ಣು ಇವೆಯೇ ಎಂದು ಹುಡುಕದೆ ಬರೀ ಗುಳಿಗೆ ಕೊಡುವುದೂ ಸರಿಯಲ್ಲ.

ಗುಳಿಗೆ ಒಗ್ಗದಿದ್ದರೆ, 12 ವಾರವಾದರೂ ಏರದಿದ್ದರೆ, ಅಥವಾ ಫೆರಿಟಿನ್ 75 ಮತ್ತು 100ರ ನಡುವೆ ಇದ್ದು ಕಾಟ ಜೋರಾಗಿದ್ದರೆ ಕಬ್ಬಿಣವನ್ನು ರಕ್ತನಾಳದ ಮೂಲಕ ಕೊಡುತ್ತೇವೆ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಕಬ್ಬಿಣದ ಔಷಧ 1000 ಮಿಲಿಗ್ರಾಂ, 250 ಮಿಲಿಲೀಟರ್ ನಾರ್ಮಲ್ ಸಲೈನಿನಲ್ಲಿ, 15 ನಿಮಿಷಕ್ಕಿಂತ ಬೇಗ ಅಲ್ಲ. ತೂಕ ಕಡಿಮೆ ಇದ್ದರೆ ಪ್ರಮಾಣವೂ ಕಡಿಮೆ. ಸೂಜಿ ರಕ್ತನಾಳದಲ್ಲೇ ಇದೆಯೆಂದು ಬರೀ ಸಲೈನ್ ಬಿಟ್ಟು ಖಾತ್ರಿ ಮಾಡಿಕೊಳ್ಳಬೇಕು, ಹೊರಗೆ ಸೋರಿದರೆ ಚರ್ಮದ ಮೇಲೆ ಕಂದು ಕಲೆ ಬಹಳ ಕಾಲ ಉಳಿಯುತ್ತದೆ. ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಬೇಕು. ಗರ್ಭದ ಮೊದಲ ಮೂರು ತಿಂಗಳಲ್ಲಿ ಇದು ಬೇಡ. ಮನೆಗೆ ಹೋಗುವಾಗ ಒಂದು ಮಾತು ತಪ್ಪದೆ ಹೇಳಬೇಕು: ಇವತ್ತು ರಾತ್ರಿಯೇ ನಿದ್ದೆ ಬರುವುದಿಲ್ಲ, ನಾಲ್ಕರಿಂದ ಆರು ವಾರ ಬೇಕು. ಇದನ್ನು ಹೇಳದೆ ಕಳಿಸಿದರೆ ವಾರದೊಳಗೆ ನಂಬಿಕೆ ಕಳೆದುಕೊಂಡು ಬೇರೆ ಕಡೆ ಹೋಗುತ್ತಾರೆ. ಫಾಸ್ಫೇಟ್ ಇಳಿಯುವುದುಂಟು, ಮತ್ತೆ ಮತ್ತೆ ಕೊಡಬೇಕಾದರೆ ಅದನ್ನೂ ನೋಡಬೇಕು.

ಕಬ್ಬಿಣ ಸಾಕಷ್ಟಿದ್ದೂ ಕಾಟ ಉಳಿದರೆ ನರಗಳ ಉದ್ರೇಕ ತಗ್ಗಿಸುವ ಗ್ಯಾಬಪೆಂಟಿನ್ ಅಥವಾ ಪ್ರಿಗ್ಯಾಬಲಿನ್ ಗುಳಿಗೆ. ಗ್ಯಾಬಪೆಂಟಿನ್ 300 ಮಿಲಿಗ್ರಾಂ, ವಯಸ್ಸಾದವರಿಗೆ 100, ಮಲಗುವ ಒಂದೆರಡು ಗಂಟೆ ಮುಂಚೆ ಶುರು ಮಾಡಿ ಮೆಲ್ಲಗೆ ಏರಿಸುತ್ತೇವೆ. ತಲೆಸುತ್ತು, ಕಾಲು ಬಾವು, ತೂಕ ಏರುವುದನ್ನು ಮೊದಲೇ ಹೇಳಿರಬೇಕು. ಉಸಿರು ಕಟ್ಟುವ ಕಾಯಿಲೆಯಿದ್ದರೆ ಎಚ್ಚರ. ಡಯಾಲಿಸಿಸ್‌ನಲ್ಲಿ ಇರುವವರಿಗೆ ಇದು ಮೂತ್ರದಲ್ಲಿ ಹೋಗಲಾರದು, ಡಯಾಲಿಸಿಸ್ ಮುಗಿದ ಮೇಲೆ 100 ಮಿಲಿಗ್ರಾಂ ಮಾತ್ರ. ನಾಲ್ಕು ಗಂಟೆ ಅಲುಗದೆ ಮಲಗಬೇಕಾದ ಇವರ ಸಂಕಟ ಎಲ್ಲರಿಗಿಂತ ಹೆಚ್ಚು, ನಡುವೆ ಯಂತ್ರ ಬಿಡಿಸಿಕೊಂಡು ಏಳುತ್ತೇನೆನ್ನುವವರೂ ಇದ್ದಾರೆ. ಅವರನ್ನು ಬೆಳಗಿನ ಪಾಳಿಗೆ ಬದಲಿಸಿದರೂ ಎಷ್ಟೋ ಹಗುರ.

ಮಿದುಳಿನಲ್ಲಿ ಡೋಪಮಿನ್‌ನಂತೆ ಕೆಲಸ ಮಾಡುವ ಪ್ರಮಿಪೆಕ್ಸೋಲ್ ಬಗ್ಗೆ ನಿಂತು ಹೇಳಬೇಕು. 0.125 ಮಿಲಿಗ್ರಾಂ ನುಂಗಿದ ರಾತ್ರಿಯೇ ನಿದ್ದೆ ಬರುತ್ತದೆ, ರೋಗಿ ಕೈ ಮುಗಿಯುತ್ತಾರೆ. ತಿಂಗಳು, ವರ್ಷ ಕಳೆದ ಮೇಲೆ ರಾತ್ರಿ ಒಂಬತ್ತಕ್ಕೆ ಶುರುವಾಗುತ್ತಿದ್ದದ್ದು ಸಂಜೆ ಆರಕ್ಕೆ, ಆಮೇಲೆ ಮಧ್ಯಾಹ್ನ ಮೂರಕ್ಕೆ ಬರುತ್ತದೆ. ಕೂತ ಐದು ನಿಮಿಷಕ್ಕೇ ಹತ್ತಿಕೊಳ್ಳುತ್ತದೆ. ತೋಳಿಗೂ ಏರುತ್ತದೆ. ಕಾಯಿಲೆ ಹೆಚ್ಚಾಯಿತೆಂದು ಡೋಸ್ ಏರಿಸುತ್ತಾರೆ, ಎರಡು ವಾರ ಆರಾಮ, ಮತ್ತೆ ಇನ್ನೂ ಜೋರು. ಕಾಯಿಲೆ ಹೆಚ್ಚಿಸುತ್ತಿರುವುದು ಆ ಗುಳಿಗೆಯೇ. ಡೋಪಮಿನ್ ಹೆಚ್ಚಿಸುವ ಇನ್ನೊಂದು ಔಷಧವಾದ ಲೆವೊಡೋಪಾದಲ್ಲಿ ಇದನ್ನು ಮೊದಲು ವಿವರಿಸಿದ್ದು 1996ರಲ್ಲಿ, ಆಗ್ಮೆಂಟೇಶನ್ ಎಂದು ಕರೆದರು. 2025ರಲ್ಲಿ ಅಮೆರಿಕದ ಸ್ಲೀಪ್ ಮೆಡಿಸಿನ್ ಅಕಾಡೆಮಿ ಹೊರತಂದ ಮಾರ್ಗಸೂಚಿ ಈ ಗುಂಪಿನ ಔಷಧಗಳನ್ನು ರೂಢಿಯಾಗಿ ಬಳಸಬೇಡಿ ಎಂದಿದೆ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಒಮ್ಮೆಲೇ ನಿಲ್ಲಿಸಬಾರದು. ಮೊದಲು ಕಬ್ಬಿಣ ಸರಿಪಡಿಸಿ, ಗ್ಯಾಬಪೆಂಟಿನ್ ನೆಲೆಗೆ ತಂದು, ಪ್ರಮಿಪೆಕ್ಸೋಲನ್ನು ಎರಡು ವಾರಕ್ಕೆ 0.125ರಂತೆ ಇಳಿಸುತ್ತೇವೆ. ಕೊನೆಯ ಗುಳಿಗೆ ಬಿಟ್ಟ ಕೆಲವು ರಾತ್ರಿ ಕಣ್ಣು ಮುಚ್ಚಲಾಗುವುದಿಲ್ಲ. ಆ ವಾರ ಮನೆಯವರು ಜೊತೆಗಿರುವಂತೆ, ಕೆಲಸಕ್ಕೆ ರಜೆ ಇರುವಂತೆ ದಿನ ನೋಡಿ ಗೊತ್ತು ಮಾಡಿಕೊಳ್ಳುತ್ತೇವೆ. ಮನೆಯವರನ್ನು ಬೇರೆಯಾಗಿ ಕೂರಿಸಿಕೊಂಡು ಒಂದು ಮಾತು ಕೇಳಲೇಬೇಕು: ಮೊಬೈಲಿನಲ್ಲಿ ರಮ್ಮಿ, ಜೂಜು, ಬೇಡದ್ದೆಲ್ಲ ಕೊಳ್ಳುವ ಚಟ ಇತ್ತೀಚೆಗೆ ಹತ್ತಿದೆಯೇ? ಈ ಔಷಧ ಅದನ್ನೂ ಮಾಡುತ್ತದೆ. ತಪ್ಪು ಮನುಷ್ಯನದಲ್ಲ ಎಂದು ಮನೆಯವರಿಗೆ ತಿಳಿಹೇಳಬೇಕು.

ಗುಣವಾಯಿತೋ ಇಲ್ಲವೋ ಅಳೆಯಲು ಹತ್ತು ಪ್ರಶ್ನೆಯ ಒಂದು ಮಾಪನವಿದೆ, 0ಯಿಂದ 40 ಅಂಕ, 20 ದಾಟಿದರೆ ತೀವ್ರ. ಅದನ್ನು ಇಲ್ಲಿ ಬಳಸುವುದೇ ಒಂದು ಸಂಶೋಧನೆಯ ಕೆಲಸ. ಗ್ರಾಂಥಿಕ ಕನ್ನಡದಲ್ಲಿ 'ಕಾಲು ಚಲಿಸಬೇಕೆಂಬ ಪ್ರಚೋದನೆ' ಎಂದು ಓದಿದರೆ ಆಳಂದದ ಅಜ್ಜಿಗೂ ತಿಳಿಯದು, ಅಫಜಲಪುರದ ಹುಡುಗನಿಗೂ ತಿಳಿಯದು. "ಕಾಲ ಸುಮ್ಮ ಇಡ್ಲಾಕ ಆಗಲಾರದಂಗ" ಎಂದರೆ ತಕ್ಷಣ ತಿಳಿಯುತ್ತದೆ. ದಖನಿ ಉರ್ದು, ತೆಲುಗು, ಮರಾಠಿ, ತಾಂಡಾಗಳ ಲಂಬಾಣಿಗೆ ಬೇರೆ ಬೇರೆ ಮಾಡಿ, ಮೂಲ ನೋಡದ ಇನ್ನೊಬ್ಬರಿಂದ ಹಿಂದಕ್ಕೆ ಅನುವಾದ ಮಾಡಿಸಿ ತಾಳೆ ನೋಡಬೇಕು. ಬರೀ ಸಕ್ಕರೆ ಗುಳಿಗೆ ಕೊಟ್ಟರೂ ಈ ಅಂಕ ಸಾಕಷ್ಟು ಇಳಿಯುತ್ತದೆ ಎಂಬುದು ಔಷಧ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಹೋಲಿಕೆಯ ಗುಂಪಿಲ್ಲದೆ "ನಮ್ಮ ಮದ್ದಿನಿಂದ ಇಷ್ಟು ಮಂದಿಗೆ ಗುಣವಾಯಿತು" ಎಂದು ಬರುವ ಲೆಕ್ಕವನ್ನು ನಾವು ಒಪ್ಪುವುದಿಲ್ಲ.

ಮನೆಗೆ ಕಳಿಸುವಾಗ ಒಂದು ಹಾಳೆ ಕೊಡುತ್ತೇವೆ. ವಾರದ ಏಳು ಸಾಲು, ಮೂರೇ ಖಾನೆ: ಕಾಟ ಎಷ್ಟು ಗಂಟೆಗೆ ಶುರುವಾಯಿತು, ರಾತ್ರಿ ಎಷ್ಟು ಸಲ ಎದ್ದಿರಿ, ಕಬ್ಬಿಣದ ಗುಳಿಗೆ ನುಂಗಿದಿರಾ. ಬರೆಯಲು ಬಾರದವರಿಗೆ ಮನೆಯ ಶಾಲೆ ಹುಡುಗರು ತುಂಬುತ್ತಾರೆ. ರಮಜಾನ್ ತಿಂಗಳಲ್ಲಿ ಊಟ, ನಿದ್ದೆ, ಗುಳಿಗೆಯ ಹೊತ್ತು ಎಲ್ಲ ಬದಲಾಗುವುದರಿಂದ ಆ ವಾರಗಳ ಹಾಳೆಗೆ ಮೇಲ್ಗಡೆ ಗುರುತು ಹಾಕಿಸುತ್ತೇವೆ. 12ನೇ ವಾರ ಹಾಳೆಗಳ ಕಟ್ಟು ಮತ್ತು ಹೊಸ ಫೆರಿಟಿನ್ ಎರಡನ್ನೂ ಟೇಬಲ್ ಮೇಲೆ ಇಟ್ಟುಕೊಂಡು ಮೊದಲು ಕಣ್ಣಾಡಿಸುವುದು ಆ ಮೊದಲ ಖಾನೆಯ ಮೇಲೆ. ಶುರುವಾಗುವ ಹೊತ್ತು ರಾತ್ರಿಯ ಕಡೆ ಸರಿಯುತ್ತಿದ್ದರೆ ಔಷಧ ಹಾಗೇ ಮುಂದುವರಿಯುತ್ತದೆ. ಮಧ್ಯಾಹ್ನದ ಕಡೆ ಸರಿಯುತ್ತಿದ್ದರೆ ಪಾಕೀಟುಗಳನ್ನೆಲ್ಲ ಮತ್ತೆ ಟೇಬಲ್ ಮೇಲೆ ಸುರಿಸುತ್ತೇವೆ.